ತೆರ್ಸಿಲ್ಲಾ ತೊಳೆದ ಗ್ಯಾಸು

ನಮ್ಮತ್ತಿಗೆ ತೆರ್ಸಿಲ್ಲಾ ಮೂವತ್ತೆರಡು ವರ್ಷ ಊರಿನ ಚೀಸ್ ಮನೆಯಲ್ಲಿ ಹಂಡೆ ತೊಳೆದಳು. ಗಾಲಿಯಂಥ ದೊಡ್ಡ ಚೀಸ್ ಗಟ್ಟಿಗಳನ್ನು ತಟ್ಟಿ, ಸದ್ದಿನಿಂದಲೇ ಒಳಗಿನ ಹದ ತಿಳಿದು ಪಾಸು ಮಾಡುವ ಪುಟ್ಟ ಸುತ್ತಿಗೆಯನ್ನು ಮಾತ್ರ ಯಾರೂ ಅವಳ ಕೈಗೆ ಕೊಡಲಿಲ್ಲ. ಅದು ಗಂಡಸರ ಕೆಲಸವಂತೆ! ನನಗೆ ಈಗಲೂ ಮೈಯುರಿಯುತ್ತದೆ.

ಹಾಲಿನ ಸಂಘದವರು ಗೋಬರ್ ಗ್ಯಾಸ್ ಘಟಕ ಕಟ್ಟಿದಾಗಲೂ ಅವಳಿಗೆ ಸಿಕ್ಕಿದ್ದು ತೊಳೆಯುವ ಕೆಲಸವೇ. ಈ ಸಲ ತೊಳೆಯಬೇಕಾದದ್ದು ಗ್ಯಾಸನ್ನು. ಉಕ್ಕಿನ ಗೋಪುರದೊಳಗೆ ಕೆಳಗಿನಿಂದ ಗ್ಯಾಸ್ ಏರುತ್ತದೆ, ಮೇಲಿನಿಂದ ನೀರು ಸುರಿಯುತ್ತದೆ. ಉರಿಯದ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿಹೋಗಿ, ಉಳಿದ ಮೀಥೇನ್ ಊರೂರಿನ ಒಲೆಗಳಿಗೆ ಹೋಗುವ ಕೊಳವೆ ಸೇರುತ್ತದೆ. ನೂರಕ್ಕೆ ತೊಂಬತ್ತೇಳು ಪಾಲು ಮೀಥೇನ್ ಇಲ್ಲದಿದ್ದರೆ ಕೊಳವೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಆ ಜುಲೈಯಲ್ಲಿ ಪೋ ನದಿಯ ಬಯಲು ಕಾದ ಕಾವಲಿಯಾಗಿತ್ತು. ಬಾಗಿಲು ಎರಡು ಸಲ ಮುಚ್ಚಿತು. ನಾಳೆ ಸಂಜೆ ಕೊನೆಯ ಪರೀಕ್ಷೆ, ಅದರಲ್ಲೂ ಸೋತರೆ ಚಳಿಗಾಲದವರೆಗೆ ತೆರೆಯುವುದಿಲ್ಲ ಎಂದು ಕೊಳವೆ ಕಂಪನಿಯವರು ಹೇಳಿಬಿಟ್ಟರು. ಅಲ್ಲಿಯವರೆಗೆ ನಮ್ಮ ಗ್ಯಾಸನ್ನು ಸುಮ್ಮನೆ ಸುಟ್ಟುಹಾಕಬೇಕು. ಇಂಜಿನಿಯರ್ ಪ್ರಾಂಡಿ ತಲೆಯ ಮೇಲೆ ಕೈಹೊತ್ತು ಕುಳಿತ.

ಮಧ್ಯಾಹ್ನ ಊಟಕ್ಕೆ ಕೂತಾಗ, ಚೀಸ್ ತಟ್ಟುವ ಮುದುಕ ಒರೆಸ್ತೆ ಬಿಸಿಲಲ್ಲಿ ಬಿಟ್ಟಿದ್ದ ಲಾಂಬ್ರುಸ್ಕೊ ಎಂಬ ಗುಳ್ಳೆಯೇಳುವ ಕೆಂಪು ವೈನಿನ ಬಾಟಲಿ ತೆರೆದ. ಬುಸ್ಸೆಂದು ನೊರೆಯುಕ್ಕಿ ಅವನ ಅಂಗಿಯೆಲ್ಲ ಕೆಂಪಾಯಿತು.

“ಬಾಟ್ಲಿನ ತೊರೆ ನೀರಲ್ಲಿ ಇಡ್ಬೇಕು ಅಂತ ಈ ವಯಸ್ಸಿಗೂ ಗೊತ್ತಾಗ್ಲಿಲ್ವಾ ಮಾವಾ?” ಎಂದು ನಕ್ಕ ಅತ್ತಿಗೆ, ತಟ್ಟನೆ ಎದ್ದು ನಿಂತಳು. “ಇಂಜಿನಿಯರೇ, ವೈನಲ್ಲಿರೋ ಗ್ಯಾಸೂ ನಾವು ತೊಳೆದು ತೆಗೆಯೋ ಗ್ಯಾಸೂ ಒಂದೇ ಅಲ್ವಾ? ನಮ್ಮ ನೀರೂ ಬೆಚ್ಚಗಾಗಿದೆ. ಅದಕ್ಕೇ ಗ್ಯಾಸನ್ನ ಹಿಡ್ಕೊಳ್ತಿಲ್ಲ!”

“ಗೊತ್ತಮ್ಮ. ತಂಪು ಮಾಡೋ ಮಷೀನ್ ಬರೋಕೆ ಮೂರು ವಾರ ಬೇಕು.”

“ಮಷೀನ್ ಯಾಕ್ರೀ? ನಮ್ಮ ತೊರೆ ಬತ್ತೋಗಿದ್ಯಾ?”

ನೆಲದಿಂದ ಉಕ್ಕುವ ಆ ತೊರೆ ನಡುಬೇಸಿಗೆಯಲ್ಲೂ ಕಾಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಹಿಂದೆ ಹಾಲಿನ ಕ್ಯಾನುಗಳನ್ನು ಅದರಲ್ಲೇ ಇಡುತ್ತಿದ್ದೆವು. ಹಾಲು ತಣಿಸುತ್ತಿದ್ದ ಹಳೆಯ ಸುರುಳಿ ಪೈಪುಗಳನ್ನು ಅತ್ತಿಗೆ ಅಟ್ಟದಿಂದ ಇಳಿಸಿ, ಮೊಣಕಾಲುದ್ದ ನೀರಿಗಿಳಿದು ತಾನೇ ಮುಳುಗಿಸಿದಳು. ಪ್ರಾಂಡಿ ಗೋಪುರದ ನೀರನ್ನು ಅವುಗಳೊಳಗೆ ಹಾಯಿಸಿದ.

ಮರುದಿನ ಸಂಜೆ ಎಲ್ಲರೂ ಮೀಟರಿನ ಮುಂದೆ ನಿಂತೆವು. ತೊಂಬತ್ತೈದು. ತೊಂಬತ್ತಾರು. ಅಲ್ಲೇ ನಿಂತಿತು. ಆಮೇಲೆ ತೊಂಬತ್ತೇಳೂವರೆ. ಕೊಳವೆಯ ಬಾಗಿಲು ತೆರೆಯಿತು. ಹೆಮ್ಮೆಯಿಂದ ನಾನು ಅತ್ತೇಬಿಟ್ಟೆ.

ಒರೆಸ್ತೆ ಜೇಬಿನಿಂದ ಸುತ್ತಿಗೆ ತೆಗೆದು ಅತ್ತಿಗೆಗೆ ಚಾಚಿದ. “ತಗೋಳಮ್ಮ, ಪಾಸೋ ಫೇಲೋ ನೀನೇ ಹೇಳು.”

ಅವಳು ಗೋಪುರವನ್ನು ಮೆಲ್ಲಗೆ ತಟ್ಟಿ, ಕಿವಿಗೊಟ್ಟು, ಗಂಡಸರನ್ನೆಲ್ಲ ಸಾಕಷ್ಟು ಹೊತ್ತು ಕಾಯಿಸಿದಳು.

“ಪಾಸು,” ಎಂದಳು. ಸುತ್ತಿಗೆಯನ್ನು ವಾಪಸು ಕೊಡಲಿಲ್ಲ.