ಸೌದೆ ತೂಗಲು ಬಂದವನ ಊಟ

ಕಳೆದ ಭಾನುವಾರ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲಿ ಒಬ್ಬ ಎಂ.ಎಸ್ಸಿ. ಪದವೀಧರ ತಕ್ಕಡಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಎದುರಿಗೆ ಬಾಳೆಲೆ. ಎಲೆಯ ಮೇಲೆ ಎರಡು ಒಬ್ಬಟ್ಟು, ತುಪ್ಪ, ವಡೆ. ಆ ಕಡೆ ಒಂದು ಹೊರೆ ಸೌದೆ.

ಯಾವ ಹಬ್ಬ ಅಂತ ಕೇಳಿದೆ.

'ಹಬ್ಬ ಅಲ್ಲ ಕಣೋ, ರಿಸರ್ಚು,' ಅಂದಳು ಚಿಕ್ಕಮ್ಮ.

ವಿಷಯ ಇಷ್ಟು. ಕೋಲಾರದ ಕಡೆ, ತಾಯಲೂರಿನ ಆಚೆ ಇರುವ ನಮ್ಮೂರಿಗೊಂದು ಗುಂಡುತೋಪಿದೆ. ಹೊಂಗೆ, ಹುಣಸೆ, ನಾಲ್ಕಾರು ಮುದಿ ಮಾವು. ಊರ ಹೆಂಗಸರು ಅಲ್ಲಿ ಬಿದ್ದ ಒಣಪುಳ್ಳೆ ಆಯ್ದು ತಂದು ಒಲೆ ಉರಿಸುತ್ತಾರೆ. ಹೀಗೇ ಆಯ್ದರೆ ತೋಪು ಉಳಿಯುತ್ತದೆಯೇ ಅಂತ ಮೇಲಿನ ಅಧಿಕಾರಿಗಳಿಗೆ ಈಗ ಅನುಮಾನ ಬಂದಿದೆ. ಉಳಿಯುವುದಿಲ್ಲ ಅಂತಾದರೆ ಸುತ್ತ ಮುಳ್ಳುತಂತಿ ಎಳೆದು ಒಳಗೆ ನೀಲಗಿರಿ ನೆಡುತ್ತಾರೆ. (ಮಾಲೂರಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬಂದು ನೋಡಿ. ನೀಲಗಿರಿ ಬಿಟ್ಟರೆ ಕಾಣುವುದು ಕಂಡಕ್ಟರ್ ಒಬ್ಬನೇ.) ಒಂದು ಮನೆ ದಿನಕ್ಕೆ ಎಷ್ಟು ಸೌದೆ ಸುಡುತ್ತದೆ ಅಂತ ಕಂಡುಹಿಡಿಯಲು ಬೆಂಗಳೂರಿನಿಂದ ಬಂದವನೇ ಈ ಪ್ರಕಾಶ.

ಮರ ಉಳಿಸಿ ಅಂತ ಪೇಪರಿನ ಇದೇ ಅಂಕಣದಲ್ಲಿ ನಿಮಗೆ ಆಗಾಗ ಉಪದೇಶ ಮಾಡುವ ನನಗೆ ಖುಷಿಯಾಯಿತು. ಕೊನೆಗೂ ಯಾರೋ ತಕ್ಕಡಿ ತಂದರಲ್ಲ!

ಪ್ರಕಾಶನ ವಿಧಾನ ಸರಳ. ಬೆಳಿಗ್ಗೆ ಸೌದೆ ತೂಗಿ ಕೊಡುವುದು, ಸಂಜೆ ಒಲೆ ಆರಿದ ಮೇಲೆ ಮಿಕ್ಕಿದ್ದನ್ನು ತೂಗುವುದು. ನಡುವೆ ಯಾರೂ ಮೋಸ ಮಾಡದಿರಲಿ ಅಂತ ಒಲೆಯ ಮುಂದೆಯೇ ಕೂರುವುದು. ದಿನಕ್ಕೊಂದು ಮನೆ.

ಎಡವಟ್ಟಾಗಿದ್ದು ಅಲ್ಲೇ. ಬೇರೆ ಊರಿನವನು ಬಂದು ಒಲೆಯ ಮುಂದೆ ಕೂತರೆ ನಮ್ಮ ಕಡೆ ಯಾವ ಹೆಂಗಸು ಮುದ್ದೆ, ಉಪ್ಪುಸಾರು ಮಾಡಿ ಸುಮ್ಮನಿರುತ್ತಾಳೆ? ಮೊದಲನೆ ಮನೆಯಲ್ಲಿ ಕೋಳಿಸಾರು. ಅದು ಗೊತ್ತಾಗಿ ಎರಡನೆ ಮನೆಯಲ್ಲಿ ಕೋಳಿಸಾರಿನ ಜೊತೆ ಪಾಯಸ. ಮೂರನೆಯವರು ಸ್ನಾನಕ್ಕೆ ಎರಡು ಹಂಡೆ ನೀರನ್ನೂ ಕಾಯಿಸಿದರಂತೆ. ಚಿಕ್ಕಮ್ಮನದು ಒಂಬತ್ತನೆ ಮನೆ. ಅಷ್ಟರಲ್ಲಿ ಪ್ರಕಾಶನ ಬೆಲ್ಟು ಒಂದು ತೂತು ಸಡಿಲವಾಗಿತ್ತು. ವಿಜ್ಞಾನಿಗಳು ಎಲ್ಲವನ್ನೂ ಗಮನಿಸುತ್ತಾರೆ, ಸ್ವಂತ ಹೊಟ್ಟೆ ಒಂದನ್ನು ಬಿಟ್ಟು.

'ಪರಿಸ್ಥಿತಿ ಸೀರಿಯಸ್ ಸಾರ್,' ಅಂದ, ಒಬ್ಬಟ್ಟು ಮುರಿಯುತ್ತಾ. 'ಇವರು ಸುಡೋ ಸ್ಪೀಡ್ ನೋಡಿದ್ರೆ ತೋಪು ಹತ್ತು ವರ್ಷಾನೂ ಬರಲ್ಲ. ತಂತಿ ಹಾಕಿ ಅಂತಾನೇ ರಿಪೋರ್ಟ್ ಬರೀಬೇಕಾಗುತ್ತೆ.'

ತುಪ್ಪದ ಮಿಳ್ಳೆ ಹಿಡಿದಿದ್ದ ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಕೋಪ ಬಂದರೆ ಅವಳಿಗೆ ಮೊದಲು ತೆಲುಗೇ ಬರುವುದು.

'ಏಮಿರಾ ಇದಿ? ತೋಪು ಹೋದ್ರೆ ಒಲೆಗೆ ನಮ್ ಕಾಲು ಇಕ್ಕಾದಾ?'

'ದಿನಾ ಸುಡೋದು ಎಷ್ಟು ಅಂತ ಅವನಿಗೆ ಹೇಳಿಬಿಡು ಚಿಕ್ಕಮ್ಮ.'

'ಬೆಳಿಗ್ಗೆ ಒಂದ್ಸಲ ಮುದ್ದೆ, ಸಾಯಂಕಾಲ ಒಂದ್ಸಲ. ಒಂದು ಮಡಿಲು ಪುಳ್ಳೆ ಸಾಕು. ಆದ್ರೆ ನಾವು ತಿನ್ನೋದು ಇಷ್ಟೇ ಅಂತ ಬಂದೋರ ಮುಂದೆ ಹೆಂಗ್ಲಾ ಹೇಳ್ಲಿ?'

ಇಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಪಾಪ, ತೋಪು ಉಳಿಸಿಕೊಂಡರೆ ಮಾನ ಹೋಗುತ್ತದೆ, ಮಾನ ಉಳಿಸಿಕೊಂಡರೆ ತೋಪು ಹೋಗುತ್ತದೆ. ಇದನ್ನು ತೂಗೋ ತಕ್ಕಡಿ ಯಾವ ಯೂನಿವರ್ಸಿಟಿಯಲ್ಲಿದೆ?

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಒಳಗೆ ಹೋಗಿ, 'ಸಾಮಿ, ಇವತ್ತಿನ ಲೆಕ್ಕ ತೆಗೆದಾಕು. ನಾಳೆ ಇನ್ನೊಂದ್ಸಲ ತೂಗು. ನಿಂಗೆ ಅಂತ ಏನೂ ಮಾಡಲ್ಲ,' ಅಂದಳು.

ಪ್ರಕಾಶ ನನ್ನ ಮುಖ ನೋಡಿದ. ನಾನು ಅವನ ಬೆಲ್ಟು ನೋಡಿದೆ. ಎಂ.ಎಸ್ಸಿ. ಅಲ್ಲವೇ, ಅರ್ಥವಾಯಿತು.

ಸೋಮವಾರ ಆಫೀಸಿಗೆ ರಜಾ ಹಾಕಿ ಅಲ್ಲೇ ಉಳಿದೆ. (ಕಾರಣ: ಹೊಟ್ಟೆನೋವು. ಭಾನುವಾರದ ಊಟ ನೆನೆದರೆ ಪೂರ್ತಿ ಸುಳ್ಳೂ ಅಲ್ಲ.) ಮುದ್ದೆ ಬಡಿಸುವಾಗ ಚಿಕ್ಕಮ್ಮ ತಲೆ ಎತ್ತಲಿಲ್ಲ. 'ಮನೆಗೆ ಬಂದೋರಿಗೆ ಎಂದೂ ಹಿಂಗೆ ಇಕ್ಕಿಲ್ಲ,' ಅಂತ ಒಲೆಗೆ ಹೇಳಿದಳು. ಪ್ರಕಾಶ ಮುದ್ದೆಯನ್ನು ನುಂಗಬೇಕು ಅಂತ ಗೊತ್ತಿಲ್ಲದೆ ಕಡಲೆಕಾಯಿ ಹಾಗೆ ಅಗಿದ. ಅರ್ಧ ಗಂಟೆ ಅಗಿದ. ಆದರೂ ಎಲೆಯಲ್ಲಿ ಏನೂ ಬಿಡಲಿಲ್ಲ.

ಸಂಜೆ ತೂಗಿದರೆ, ಹಿಂದಿನ ದಿನ ಸುಟ್ಟಿದ್ದರಲ್ಲಿ ಕಾಲು ಭಾಗವೂ ಖರ್ಚಾಗಿರಲಿಲ್ಲ. ಪ್ರಕಾಶ ನೋಟ್‌ಬುಕ್ಕಿನ ಲೆಕ್ಕವನ್ನು ಎರಡೆರಡು ಸಲ ಕೂಡಿ ನೋಡಿದ. ಕೊನೆಗೆ ಒಂಬತ್ತು ಪುಟಗಳ ಮೇಲೂ ಉದ್ದಕ್ಕೆ ಗೆರೆ ಎಳೆದು, ಎಲ್ಲ ಮನೆಗಳನ್ನೂ ಮತ್ತೆ ಮೊದಲಿನಿಂದ ತೂಗುತ್ತೇನೆ ಅಂದ. ಚಿಕ್ಕಮ್ಮ ಆಗಲೇ ಮನೆಮನೆಗೂ ಹೋಗಿ, ಅವನಿಗೆ ಯಾರಾದರೂ ಪಾಯಸ ಇಕ್ಕಿದ್ರೆ ಹುಷಾರ್ ಅಂತ ಹೇಳಿ ಬಂದಿದ್ದಳು.

ನಾನು ಮಿಕ್ಕ ಒಬ್ಬಟ್ಟನ್ನು ಡಬ್ಬಿಗೆ ಹಾಕಿಸಿಕೊಂಡು ಬಸ್ಸಿಗೆ ಹೊರಟೆ. ಈ ವಾರ ಪೇಪರಿನಲ್ಲಿ ಇದನ್ನೇ ಬರೀತೀನಿ, ನಮ್ಮ ತೋಪನ್ನು ಯಾರು ಮುಟ್ಟುತ್ತಾರೋ ನೋಡೇಬಿಡೋಣ ಅಂತ ಜಂಬ ಕೊಚ್ಚಿದೆ.

'ಬರಿಯಪ್ಪ, ಬರಿ,' ಅಂದಳು ಚಿಕ್ಕಮ್ಮ, ಡಬ್ಬಿಯ ಮುಚ್ಚಳ ಒತ್ತುತ್ತಾ. 'ತಿಂಗಳಿಗೊಂದ್ಸಲ ಬಂದು ಒಬ್ಬಟ್ಟು ತಿಂದು ಹೋಗ್ತೀಯಲ್ಲ, ಆ ಸೌದೇನ ಯಾರ ಲೆಕ್ಕಕ್ಕೆ ಬರ್ಕೊಳ್ಳಾದು?'