ಸುಷ್ಮಾಳ ಅಮ್ಮನೂ ಹ್ಯಾಂಗ್ ಆಗುವ ಆ್ಯಪೂ

ಹೋದ ಶನಿವಾರ ಒಂದು ಬಗ್ ಸರಿಮಾಡಲು ಸುಷ್ಮಾಳ ಮನೆಗೆ ಹೋಗಿದ್ದೆ. ಬಗ್ ಸರಿಯಾಯಿತು. ಆದರೂ ಇಬ್ಬರಿಗೂ ಊಟ ಸೇರಲಿಲ್ಲ.

ಸುಷ್ಮಾ ನಮ್ಮ ನೋಯ್ಡಾ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು. ದಾವಣಗೆರೆಯ ಹುಡುಗಿ. ನಾವಿಬ್ಬರೂ ಮೊಬೈಲ್ ಆ್ಯಪ್ ಬರೆಯುವವರು. ಸ್ಟ್ರೋಕ್ ಆಗಿ ಅಮ್ಮನ ಮಾತು ನಿಂತಾಗ, ಅವರನ್ನು ಇಂದಿರಾಪುರಂನ ತನ್ನ ಫ್ಲ್ಯಾಟಿಗೆ ಕರೆತಂದಳು. ಹಗಲು ನೋಡಿಕೊಳ್ಳಲು ಗೀತಾ ದೀದಿ. (ದೀದಿಗೆ ಕನ್ನಡದ ಗಂಧವಿಲ್ಲ. ಅಮ್ಮನಿಗೋ, ಕನ್ನಡವೂ ಬಾಯಿಂದ ಹೊರಡದು.)

ಅದಕ್ಕೇ ಸುಷ್ಮಾ ಒಂದು ಆ್ಯಪ್ ಮಾಡಿದಳು. ನೀರು, ಚಹಾ, ನೋವು, ಹೀಗೆ ದೊಡ್ಡ ದೊಡ್ಡ ಚಿತ್ರಗಳು. ಮುಟ್ಟಿದರೆ ಚಿತ್ರ ಟ್ಯಾಬ್ಲೆಟ್ ತುಂಬ ಹಿಗ್ಗಿ, ಸುಷ್ಮಾಳ ದನಿ ಕೇಳುತ್ತದೆ: "ನೀರು ಬೇಕಾಮ್ಮಾ? ದೀದಿ, ಪಾನಿ ದೇ ದೋ."

ವಾರದೊಳಗೆ ಅದು ಮಧ್ಯಾಹ್ನದ ಹೊತ್ತಿಗೆ ಹ್ಯಾಂಗ್ ಆಗತೊಡಗಿತು.

"ಅಕ್ಕ, ನಾನು ಟೆಸ್ಟ್ ಮಾಡಿದಾಗ ಚೆನ್ನಾಗೇ ಇತ್ತು," ಎಂದಳು.

ಕೋಡ್ ತೆಗೆದು ನೋಡಿದೆವು. ಚಿತ್ರ ಎಲ್ಲಿರಬೇಕು, ಎಷ್ಟು ಅಗಲ ಇರಬೇಕು ಎಂದು ಹೇಳುವ ನಿಯಮಗಳಿಗೆ ನಾವು ಕನ್‌ಸ್ಟ್ರೇಂಟ್ ಅನ್ನುತ್ತೇವೆ. ಚಿತ್ರ ಹಿಗ್ಗಿದಾಗಲೆಲ್ಲ ಹೊಸ ನಿಯಮಗಳು ಹುಟ್ಟುತ್ತಿದ್ದವು. ಹಳೆಯವನ್ನು ಕೈಬಿಡುವ ಸಾಲೇ ಇರಲಿಲ್ಲ. ಎಲ್ಲ ಮೆಮೊರಿಯಲ್ಲಿ ರಾಶಿ ಬಿದ್ದು, ಕೊನೆಗೆ ಆ್ಯಪ್ ಕಲ್ಲಿನಂತೆ ನಿಂತುಬಿಡುತ್ತಿತ್ತು. ಆದರೆ ಮಧ್ಯಾಹ್ನದೊಳಗೆ ಅಷ್ಟಾಗಲು ಬೆಳಗಿನಿಂದ ಬಿಡದೆ ಮತ್ತೆ ಮತ್ತೆ ಮುಟ್ಟಬೇಕು. ಯಾರಿಗೆ ಅಷ್ಟು ನೀರು ಬೇಕು?

"ಮಾತಾಜಿ ಪಾನಿ ನಹೀ ಪೀತೀ," ಎಂದಳು ಗೀತಾ ದೀದಿ. "ಬೇಟಿ ಕೀ ಆವಾಜ್ ಸುನ್‌ತೀ ಹೈ."

ನೀರಿಗಲ್ಲ. ಮಗಳ ದನಿ ಕೇಳಲು. ಆ್ಯಪ್ ಹ್ಯಾಂಗ್ ಆಗಿ ದನಿ ನಿಂತೊಡನೆ ಟ್ಯಾಬ್ಲೆಟ್ ಬೋರಲು ಹಾಕಿ, ಗೋಡೆಯ ಕಡೆ ತಿರುಗಿ ಮಲಗುತ್ತಾರಂತೆ.

ಸುಷ್ಮಾ ಎದ್ದು ಹೋಗಿ ಅಮ್ಮನ ಮಂಚದ ಬಳಿ ಕೂತಳು. "ನಾನು ಸಿಟ್ಟು ಮಾಡ್ಕೊಂಡೆ ಅಂದ್ಕೊಂಡ್ಯಾ ಅಮ್ಮಾ?"

ಅಮ್ಮ ಇಲ್ಲವೆಂದು ತಲೆಯಾಡಿಸಿದರು. ಬಲಗೈ ಏಳುವುದಿಲ್ಲ. ಎಡಗೈಯನ್ನು ನಿಧಾನಕ್ಕೆ ಚಾಚಿ ಮಗಳ ಗಂಟಲು ಸವರಿದರು. ಆಮೇಲೆ ಸಾಕು ಎನ್ನುವಂತೆ ಕೈಯಾಡಿಸಿದರು.

ಕರೆದು ಕರೆದು ಮಗಳನ್ನು ದಣಿಸಿಬಿಟ್ಟೆ ಎಂದುಕೊಂಡಿದ್ದರು.

"ಅದು ಮಷೀನಮ್ಮಾ, ನಾನಲ್ಲ," ಎಂದು ಸುಷ್ಮಾ ಎಷ್ಟು ಹೇಳಿದರೂ ಅಮ್ಮ ಅವಳ ಕೆನ್ನೆ ಒರೆಸುತ್ತಲೇ ಇದ್ದರು.

ಈಗ ಆ್ಯಪ್ ಎಷ್ಟು ಮುಟ್ಟಿದರೂ ನಿಲ್ಲುವುದಿಲ್ಲ. ಆದರೆ ಅಮ್ಮ ಬಾಯಾರಿದಾಗ ಮಾತ್ರ ಮುಟ್ಟುತ್ತಾರಂತೆ, ಅದೂ ಒಂದೇ ಸಲ.

ಮಗಳನ್ನು ದಣಿಸಬಾರದೆಂದು ಸುಮ್ಮನಾದ ತಾಯಿಗೆ ಯಾವ ಅಪ್‌ಡೇಟ್ ಕಳಿಸೋಣ, ಹೇಳಿ?