ಎಣ್ಣೆಗೆ ಹೋಗದ ಹಳದಿ

ಬಣ್ಣ ಹೋಗಲಿಲ್ಲ. ಮೊದಲು ಗೊತ್ತಾದದ್ದು ಅಷ್ಟೇ.

ನಮ್ಮ ನಾಟಕ ಕಂಪನಿ ಹಿರಿಯೂರಿನಲ್ಲಿ ಕ್ಯಾಂಪು ಹಾಕಿತ್ತು. ನನ್ನ ಗಂಡ ಓಬಳೇಶಪ್ಪ ರಾಜಪಾರ್ಟಿನವರು. ರಾಜನ ಮುಖ ಹೊಳೆಯಲೆಂದು ಬಿಳಿ ಪೌಡರಿಗೆ ಅರದಾಳದ ಹಳದಿ ಬೆರೆಸಿ ಬಳಿಯುತ್ತಾರೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಉಳಿದ ಬಣ್ಣ ತೆಗೆಯುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ.

ಆ ವಾರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಡಲೆಹಿಟ್ಟು ಹಾಕಿದೆ. ಕೊನೆಗೆ ಹುಣಸೆಹಣ್ಣೂ ಹಾಕಿದೆ.

"ಲೇ, ಇದು ಮುಖಾನೋ ಹಿತ್ತಾಳೆ ಚೊಂಬೋ?" ಎಂದು ಕೂಗಿದರು.

ಊಟ ಸೇರುತ್ತಿಲ್ಲ, ಹೊಟ್ಟೆ ತೊಳಸುತ್ತದೆ ಎಂದೂ ಅನ್ನುತ್ತಿದ್ದರು. ನನ್ನ ಅಡುಗೆಗೆ ಹೆಸರಿಡುತ್ತಿದ್ದಾರೆಂದು ನಾನು ಎರಡು ದಿನ ಮಾತು ಬಿಟ್ಟೆ. ಐದನೇ ದಿನ ಸಿಟ್ಟು ನೆತ್ತಿಗೇರಿ, ಬಣ್ಣ ಹಚ್ಚುವ ಬಾಷಾಸಾಬರ ಹತ್ತಿರವೇ ಹೋದೆ.

"ಏನ್ರಿ ಸಾಬ್ರೆ, ಅರದಾಳ ಅಷ್ಟೊಂದು ಬಳೀತೀರಲ್ಲ, ನಮ್ಮೆಜಮಾನ್ರ ಮುಖ ಏನು ಗೋಡೆನಾ?"

ಅವರು ಬೀಡಿ ಕೆಳಗಿಟ್ಟರು. "ಅಮ್ಮಾ, ಅರದಾಳ ಮುಗ್ದು ಎಂಟು ದಿನ ಆತು. ಓಬಳೇಶಣ್ಣನ ಮುಖ ಹಂಗೇ ಚಂದ ಐತೆ ಅಂತ ಬರೀ ಪೌಡ್ರು ಹಾಕ್ತಿದೀನಿ."

ನಾನು ತಿಕ್ಕುತ್ತಿದ್ದದ್ದು ಬಣ್ಣವನ್ನಲ್ಲ, ಗಂಡನನ್ನು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹೊಟ್ಟೆಯ ಬಲಗಡೆ ಒತ್ತಿದರು. ದಿನಾ ರಾತ್ರಿ ನಾಟಕದಲ್ಲಿ ಏಳು ರಾಜ್ಯ ಗೆಲ್ಲುತ್ತಿದ್ದವರು "ಅಯ್ಯಯ್ಯಪ್ಪಾ" ಎಂದು ಮಂಚದಿಂದ ಅರ್ಧ ಎದ್ದರು.

"ಜಾಂಡೀಸ್. ಲಿವರ್ ಊದಿದೆ. ಆರು ವಾರ ಕಂಪ್ಲೀಟ್ ಬೆಡ್ ರೆಸ್ಟ್. ಎಣ್ಣೆ ಪದಾರ್ಥ ಮುಟ್ಟಬೇಡಿ. ಅಲಕ್ಷ್ಯ ಮಾಡಿದರೆ ಜೀವಕ್ಕೇ ಅಪಾಯ."

"ಇವತ್ತಿಂದ ಹನ್ನೆರಡನೇ ದಿನಕ್ಕೆ ನನ್ನ ಶೂಟಿಂಗ್ ಐತಲ್ರಿ ಡಾಕ್ಟ್ರೆ!"

ಅದೂ ನಿಜವೇ. ಚಿತ್ರದುರ್ಗದ ಕೋಟೆಯಲ್ಲಿ ಸಿನಿಮಾ ತೆಗೆಯಲು ಬರುವವರು ಇವರ ನಾಟಕ ನೋಡಿ ಸೇನಾಪತಿಯ ಪಾರ್ಟು ಕೊಟ್ಟಿದ್ದರು. ಒಂದು ಪುಟ ಮಾತು. ತೆರೆಯ ಮೇಲೆ ಒಂದು ಸಲ ತನ್ನ ಮುಖ ನೋಡಬೇಕೆಂದು ಇವರು ಕಾದದ್ದು ನಮ್ಮ ಮದುವೆಗಿಂತ ಹಳೆಯ ಕಥೆ.

ಕಂಪನಿ ನಮ್ಮನ್ನು ಬಿಟ್ಟು ಹೊಸದುರ್ಗಕ್ಕೆ ಹೋಯಿತು. ಬಾಡಿಗೆ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಧರ್ಮಪುರದ ಬಸ್ಸು ಹತ್ತಿ ಹೋಗಿ ನೆಲನೆಲ್ಲಿ ಸೊಪ್ಪು ತಂದು, ಅರೆದು, ಮಜ್ಜಿಗೆಯಲ್ಲಿ ಕುಡಿಸಿದೆ. ಗಂಜಿ, ಎಳನೀರು, ಮತ್ತೆ ಗಂಜಿ. ಮೈಯೆಲ್ಲ ತುರಿಕೆ. ಯೂರಿನ್ ನೋಡಿದರೆ ಕಾಫಿ ಡಿಕಾಕ್ಷನ್ನು. ಆದರೂ ಬಾಯಿ ಮಾತ್ರ ಬಡವಾಗಿರಲಿಲ್ಲ. ಮಲಗಿದಲ್ಲಿಂದಲೇ "ಯಾರಲ್ಲಿ!" ಎಂದು ಗರ್ಜಿಸುವರು.

"ನಾನೇ ಇಲ್ಲಿ. ಬಾಯಿ ತೆಗೀರಿ, ಗಂಜಿ."

ಕಾಮಾಲೆಯವರಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಸುಳ್ಳು. ಇವರಿಗೆ ಕಂಡದ್ದೆಲ್ಲ ಸಿನಿಮಾ.

"ಲೇ, ಅದು ಬ್ಲಾಕ್ ಅಂಡ್ ವೈಟ್ ಪಿಚ್ಚರ್ ಕಣೇ. ಹಳದಿ ಯಾರಿಗೆ ಕಾಣ್ತೈತೆ?"

"ಯಮನಿಗೆ ಕಾಣ್ತೈತೆ. ಸುಮ್ನೆ ಮಲಗ್ರಿ."

ಹನ್ನೆರಡನೇ ದಿನ ಎಳನೀರು ತರಲು ಹೋಗಿ ಬಂದರೆ ಮಂಚ ಖಾಲಿ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಚಿತ್ರದುರ್ಗದ ಮುಂದಿನ ಬಸ್ಸು ನಾನೂ ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಮಧ್ಯೆ ಮಧ್ಯೆ ದೇವರಿಗೆ ಕೈ ಮುಗಿದೆ. ದಾರಿಯಲ್ಲೇ ಬಿದ್ದುಬಿಟ್ಟರೆ ಏನು ಗತಿ ಎಂದು ಕಿಟಕಿಯಿಂದ ರಸ್ತೆಯ ಬದಿಯನ್ನೇ ನೋಡುತ್ತಿದ್ದೆ.

ಕೋಟೆಯ ಮೊದಲ ಬಾಗಿಲು ದಾಟಿ ಒಂದು ಬಂಡೆಗೆ ಒರಗಿ ಕೂತಿದ್ದರು. ಮೇಲೆ ಹತ್ತಲು ಕಾಲಿನಲ್ಲಿ ಕಸುವಿರಲಿಲ್ಲ. ಎದುರಿಗೆ ಸಿನಿಮಾ ಮ್ಯಾನೇಜರ ನಿಂತಿದ್ದ.

"ಇವರನ್ನ ನೋಡಿದ್ರೆ ಭಯ ಆಗುತ್ತಮ್ಮ. ಸೇನಾಪತಿಗೆ ಬೇರೆಯವರನ್ನ ಹಾಕಿದೀವಿ. ಕರ್ಕೊಂಡು ಹೋಗಿ."

ಇವರು ಅತ್ತರು. ನಾಟಕದಲ್ಲಿ ಇವರು ಅತ್ತದ್ದನ್ನು ನೂರು ಸಲ ನೋಡಿದ್ದೇನೆ. ಅಲ್ಲಿ ಭುಜ ಕುಣಿಯುತ್ತದೆ. ಇಲ್ಲಿ ಬರೀ ಕಣ್ಣೀರು ಇಳಿಯುತ್ತಿತ್ತು. ಜೋಡಿಸಿಕೊಂಡ ಬೈಗುಳವೆಲ್ಲ ಮರೆತು ಹೋಯಿತು. ನಾನು ಮ್ಯಾನೇಜರನಿಗೆ ಅಡ್ಡ ನಿಂತೆ.

"ಸ್ವಾಮಿ, ನಿಂತ್ಕಳೋದು ಬ್ಯಾಡ, ಮಾತೂ ಬ್ಯಾಡ. ಅಂಥ ಪಾರ್ಟು ಏನಾದ್ರೂ ಐತಾ ನೋಡ್ರಿ."

ಅವನು ತಲೆ ಕೆರೆದುಕೊಂಡ. "ಇಲ್ಲೇ ಯುದ್ಧದ ಸೀನಿಗೆ ಸತ್ತ ಸೈನಿಕರು ಬೇಕು. ನೆರಳಲ್ಲಿ ಮಲಗಿದ್ರೆ ಸಾಕು."

"ಮಲಗ್ತಾರೆ! ಡಾಕ್ಟರೂ ಅದನ್ನೇ ಹೇಳವ್ರೆ!"

"ನಾನು? ಹೆಣ?" ರಾಜರು ಹುಬ್ಬು ಏರಿಸಿದರು. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದರು, "ಮುಖ ಯಾವ ಕಡೆಗೆ ಇರ್ಬೇಕ್ರಿ?"

ಗೋಡೆಯ ನೆರಳಿನಲ್ಲಿ ಮಲಗಿಸಿದರು. ಶಾಟ್ ಮುಗಿದದ್ದೇ ಸತ್ತವರೆಲ್ಲ ಎದ್ದು ಟೀ ಕುಡಿಯಲು ಓಡಿದರು. ಇವರು ಏಳಲಿಲ್ಲ. ಓಡಿಹೋಗಿ ನೋಡಿದೆ. ಗೊರಕೆ.

ಆರು ವಾರ ಹೋಗಿ ಹತ್ತು ವಾರವಾಯಿತು. ಕಣ್ಣು ಬಿಳಿಯಾಯಿತು. ಈಗ ಮುದ್ದೆ ಉಣ್ಣುತ್ತಾರೆ. ಎಣ್ಣೆ ಪದಾರ್ಥ ಇನ್ನೂ ಕೊಡುತ್ತಿಲ್ಲ, ಜಗಳ ನಡೆದಿದೆ.

ಮೊನ್ನೆ ಆ ಸಿನಿಮಾ ಹಿರಿಯೂರಿನ ಟೆಂಟಿಗೆ ಬಂತು. ಫಸ್ಟ್ ಶೋಗೆ ಕಂಪನಿಯವರೆಲ್ಲ ಕ್ಯಾಂಪಿನಿಂದ ಬಸ್ಸು ಹಿಡಿದು ಬಂದು ಕೂತರು. ಯುದ್ಧ ಮುಗಿಯಿತು, ಕ್ಯಾಮೆರಾ ಹೆಣಗಳ ಮೇಲೆ ಹಾದು ಬಂತು. ಮೂಲೆಯಲ್ಲಿ ಇವರ ಮುಖ. ಎರಡು ಉಸಿರಿನಷ್ಟು ಹೊತ್ತು. ಟೆಂಟೆಲ್ಲ ಶಿಳ್ಳೆ.

"ಥೇಟ್ ಸತ್ತಂಗೇ ಅವ್ನೆ ಕಣ್ರಪ್ಪೋ!" ಎಂದು ಬಾಷಾಸಾಬರು ತೊಡೆ ತಟ್ಟಿ ನಕ್ಕರು.

ನನಗೆ ನಗು ಬರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಬಾಯಿ ಅರ್ಧ ತೆರೆದಿತ್ತು. ಆ ಬಾಯಿಗೇ ದಿನಾ ಗಂಜಿ ಹುಯ್ಯುತ್ತಿದ್ದೆ, ಬೈಯುತ್ತಿದ್ದೆ, ಬಟ್ಟೆಯಿಂದ ಒರೆಸುತ್ತಿದ್ದೆ. ಆ ಕೆಲಸದ ನಡುವೆ ಮುಖ ನೋಡಿಯೇ ಇರಲಿಲ್ಲ. ಸಾವಿಗೆ ಇಷ್ಟು ಹತ್ತಿರ ಹೋಗಿದ್ದರೇ? ಕತ್ತಲಲ್ಲಿ ತಡಕಾಡಿ ಇವರ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು.

"ಹೆಂಗೈತೇ ನನ್ನ ಆಕ್ಟಿಂಗು?" ಎಂದು ಕಿವಿಯಲ್ಲಿ ಕೇಳಿದರು.

ನಾನು ಹಿಡಿತ ಇನ್ನೂ ಬಿಗಿ ಮಾಡಿದೆ.

"ಲೇ, ಬಿಡೇ, ಕೈ ನೋಯ್ತೈತೆ."

ಪರದೆಯ ಮೇಲೆ ಶುಭಂ ಎಂದು ಬರುವವರೆಗೂ ನಾನು ಬಿಡಲಿಲ್ಲ.